ವೈನಿಗೆ ಕೇಳಿಸದ ಮಾತು

ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಬೆರಳ ತುದಿಗಳು ಸುಗ್ಗಿಯ ದಿನಗಳಲ್ಲಿ ಕೆಂಪಗೆ ಊದಿಕೊಂಡಿರುತ್ತಿದ್ದವು. ಅಣ್ಣ ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಅವನು ತಂದು ಸುರಿದ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತರೆ ವೈನಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಎಷ್ಟು ತೊಳೆದರೂ ಕೈಯ ಖಾರ ಹೋಗದು. ಅದಕ್ಕೇ ನನ್ನ ಗುಳಿಗೆಯನ್ನು ಚಮಚೆಯಲ್ಲಿಟ್ಟು ಬಾಯಿಗೆ ಹಾಕುತ್ತಿದ್ದರು. "ಬಾಯಿ ತಗೀ ತಂಗಿ, ಖಾರ ಹತ್ತಿಲ್ಲ" ಎನ್ನುತ್ತಿದ್ದರು. ಮೂವತ್ತರ ಹತ್ತಿರದ ನಾನು ಕೂಸಿನ ಹಾಗೆ ಬಾಯಿ ತೆರೆಯುತ್ತಿದ್ದೆ. ಗುಳಿಗೆಯ ಪಾಕೀಟು ಅವರ ಹತ್ತಿರವೇ ಇರುತ್ತಿತ್ತು.

ನನಗೆ ಸ್ಕಿಜೋಫ್ರೇನಿಯಾ ಇದೆ. ಎರಡು ಸಾವಿರದ ಇಸವಿ ದಾಟಿದ ಮೊದಲ ವರ್ಷಗಳವು. ನಮ್ಮ ಓಣಿಯಲ್ಲಿ ಇದನ್ನು ಗಾಳಿ ಸೋಕಿದ್ದು ಎನ್ನುತ್ತಿದ್ದರು. ಹಿತ್ತಲಲ್ಲಿ ಪೇರಿಸಿಟ್ಟ ಚೀಲಗಳ ಹಿಂದಿನಿಂದ ಗಂಡಸರ ದನಿಗಳು ನನ್ನನ್ನು ಬೈಯುತ್ತಿದ್ದವು. ಅಣ್ಣ ಗದರಿಸಿ ಸುಮ್ಮನಾಗಿಸುತ್ತಿದ್ದ. ವೈನಿ ಹಾಗಲ್ಲ. ಕೆಲಸ ನಿಲ್ಲಿಸಿ, ತಲೆ ವಾಲಿಸಿ, ನಿಜವಾಗಿಯೂ ಕಿವಿಗೊಟ್ಟು ಕೇಳುತ್ತಿದ್ದರು.

"ನನಗೇನೂ ಕೇಳ್ಸಾಕತ್ತಿಲ್ಲ. ಇಬ್ಬರಿಗೂ ಕೇಳಿಸಿದ್ರ ಖರೇ. ನಿನಗೊಬ್ಬಾಕಿಗೆ ಕೇಳಿಸಿದ್ರ ಬಿಟ್ಟಬಿಡು."

ನನ್ನ ಕಿವಿಯನ್ನು ನಾನೇ ನಂಬಲಾಗದ ಕಾಲದಲ್ಲಿ ಅವರ ಕಿವಿಯನ್ನು ನಂಬಿ ಬದುಕಿದೆ.

ಹಾವೇರಿಯ ಡಾಕ್ಟರ ಬಳಿ ಕರೆದೊಯ್ದವರೂ ಅವರೇ. ಹೊರಗಾಗುವ ಮೊದಲಿನ ನಾಲ್ಕಾರು ದಿನ ನನಗೆ ಕಾಟ ಹೆಚ್ಚು ಎಂದು ಸಂಕೋಚವಿಲ್ಲದೆ ಹೇಳಿದರು. ಡಾಕ್ಟರು ತಲೆಯಾಡಿಸಿದರು.

"ಖರೇ ಐತ್ರಿ. ಈ ಬ್ಯಾನ್ಯಾಗ ಗಂಡಸರ ಮಿದುಳು, ಹೆಂಗಸರ ಮಿದುಳು ಒಂದ ನಮೂನಿ ನಡಿಯೂದಿಲ್ಲ. ಗಂಡಹುಡುಗರಿಗೆ ಸಣ್ಣ ವಯಸ್ಸಿನ್ಯಾಗ ಶುರು ಆಗತೈತಿ, ಹೆಣ್ಣಮಕ್ಕಳಿಗೆ ಬಹಳ ಸಲ ತಡಾ. ಹೆಂಗಸರ ಹಾರ್ಮೋನು ಮಿದುಳಿಗೆ ಸ್ವಲ್ಪ ಆಸರ ಕೊಡತೈತಿ ಅಂತಾರ. ಮುಟ್ಟಿನ ಮುಂದ ಅದು ಇಳೀತೈತಿ, ಕಾಟ ಏರತೈತಿ."

ಆಸರೆಯ ಆ ಮಾತು ವೈನಿಯ ತಲೆಯಲ್ಲಿ ಭದ್ರವಾಗಿ ಕೂತಿತು.

ಗುಳಿಗೆ ನಾಟಿತು. ದನಿಗಳು ದೂರವಾದವು. ರಾಣೆಬೆನ್ನೂರಿನ ಶಾಲೆಯೊಂದಕ್ಕೆ ಬಸ್ಸಿನಲ್ಲಿ ಹೋಗಿಬಂದು ಸಣ್ಣ ಮಕ್ಕಳಿಗೆ ಪಾಠ ಹೇಳತೊಡಗಿದೆ. ಆದರೆ ಅದೇ ಗುಳಿಗೆಯಿಂದ ನನ್ನ ಮುಟ್ಟು ನಿಂತುಹೋಯಿತು. ನಮ್ಮ ಮನೆಯಲ್ಲಿ ಅದು ಮುಚ್ಚಿಡಲು ಬರುವ ಸಂಗತಿಯಲ್ಲ. ಹೊರಗಾದವರು ಮೂರು ದಿನ ಅಡುಗೆಮನೆ ಬಿಟ್ಟು ಪಡಸಾಲೆಯ ಮೂಲೆಯಲ್ಲಿ ಕೂರಬೇಕು. ನಾನು ತಿಂಗಳುಗಟ್ಟಲೆ ಕೂರಲಿಲ್ಲ. ಅದೇ ಹೊತ್ತಿಗೆ ಕದರಮಂಡಲಗಿಯಿಂದ ಸಂಬಂಧ ಬಂತು. ನನ್ನ ಬೇನೆಯ ಸುದ್ದಿಯನ್ನು ಮನೆಯವರು ಅವರಿಂದ ಮುಚ್ಚಿಟ್ಟಿದ್ದರು. ವರನ ತಾಯಿ ಅಡುಗೆಮನೆಗೆ ಬಂದು ವೈನಿಯನ್ನು ಕೇಳಿದ್ದು ಒಂದೇ: "ಹುಡುಗಿ ತಿಂಗಳಾ ಸರಿಯಾಗಿ ಹೊರಗಾಗ್ತಾಳಲ್ಲ?"

ವೈನಿ ಹೂಂ ಎಂದರು.

ಸ್ವಲ್ಪ ದಿನಕ್ಕೆ ನಾನು ಮತ್ತೆ ಮೂಲೆ ಹಿಡಿದೆ. ವೈನಿ ಹೋಳಿಗೆ ಮಾಡಿದರು, ಹೊರಗಾದವಳಿಗೆ! ನನಗೆ ನಗು ಬಂತು. ಅದಾದ ಕೆಲವೇ ವಾರಗಳಲ್ಲಿ ದನಿಗಳು ಮರಳಿದವು. ಈ ಸಲ ಒಂದೇ ಮಾತು ಹೇಳುತ್ತಿದ್ದವು. ವೈನಿಯ ಹತ್ತಿರ ಹೋದೆ.

"ವೈನಿ, ನೀವು ಗುಳಿಗಿ ಬದಲಿ ಮಾಡೀರಿ ಅಂತ ಹೇಳಾಕತ್ತಾವ್ರಿ."

ಅವರು ತೊಟ್ಟು ಬಿಡಿಸುವುದನ್ನು ನಿಲ್ಲಿಸಿದರು. ತಲೆ ವಾಲಿಸಿದರು. ಎಂದಿನಂತೆ ಕಿವಿಗೊಟ್ಟರು.

"ನನಗ ಕೇಳ್ಸಾಕತ್ತಿಲ್ಲ, ತಂಗಿ. ಬಿಟ್ಟಬಿಡು."

ಬಿಟ್ಟುಬಿಟ್ಟೆ.

ಮರುವಾರ ಶಾಲೆಯಲ್ಲಿ, ಮಕ್ಕಳನ್ನು ಕೊಲ್ಲಲು ಜನ ಬಂದಿದ್ದಾರೆಂದು ಒಳಗಿನಿಂದ ಅಗಳಿ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಮಕ್ಕಳ ಅಳು ಕೇಳಿ ಯಾರೋ ಬಾಗಿಲು ಒಡೆದರು. ಕೆಲಸ ಹೋಯಿತು. ಸುದ್ದಿ ಕದರಮಂಡಲಗಿ ಮುಟ್ಟಿ ಸಂಬಂಧವೂ ಹೋಯಿತು.

ಹಾವೇರಿಯಲ್ಲಿ ಡಾಕ್ಟರು, ಈ ಗುಳಿಗೆ ಸಾಲುತ್ತಿಲ್ಲ, ದುಪ್ಪಟ್ಟು ಮಾಡೋಣ ಎಂದರು. ವೈನಿ ನನ್ನ ಎದುರಿಗೇ ಬಾಯಿಬಿಟ್ಟರು.

"ಹೆಚ್ಚ ಮಾಡಬ್ಯಾಡ್ರಿ. ಅಕಿ ಗುಳಿಗಿ ತೊಗೊಂಡ ಇಲ್ಲ. ನನ್ನ ಸೊಂಟನೋವಿಗೆ ಕೊಟ್ಟಿದ್ದ, ಅದರಂಗ ಕಾಣೋ ಬಿಳೀ ಗುಳಿಗಿ ಹಾಕೇನಿ. ಮುಟ್ಟು ತಿರುಗಿ ಬಂದ್ರ ಆ ಆಸರಾನೂ ಬರತೈತಿ, ಬ್ಯಾನಿ ತಾನ ಹೋಗತೈತಿ ಅನ್ಕೊಂಡ್ನಿ."

"ಮುಟ್ಟು ನಿಂತದ್ದು ಹೇಳಿದ್ರ ಬ್ಯಾರೆ ಗುಳಿಗಿ ಬರದ ಕೊಡ್ತಿದ್ನೆಲ್ರೀ!"

"ಹೇಳಿದ್ರ ಲಗ್ನ ಮುಂದ ಹಾಕ್ರಿ ಅಂತಿದ್ರಿ. ಅದಕ ಹೇಳ್ಲಿಲ್ಲ."

ಗುಳಿಗೆ ಬದಲಿಸಿದ್ದು ತಿಳಿಯದೆ ಮಾಡಿದ ತಪ್ಪು, ನನ್ನ ಒಳ್ಳೆಯದಕ್ಕೇ ಮಾಡಿದ್ದು ಎಂದು ಊರೆಲ್ಲ ನನಗೆ ಬುದ್ಧಿ ಹೇಳಿತು. ಇರಬಹುದು. ಆದರೆ ಅವರು ತಲೆ ವಾಲಿಸಿ ಕೇಳಿದರಲ್ಲ, ಆ ಗಳಿಗೆಯನ್ನು ನಾನು ಏನು ಮಾಡಲಿ? ಇಲ್ಲದ ದನಿಗಳು ನಿಜ ಹೇಳಿದ್ದವು. ಎದುರಿಗಿದ್ದ ವೈನಿ, ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದರು.

ಡಾಕ್ಟರು ಬೇರೆ ಗುಳಿಗೆ ಬರೆದುಕೊಟ್ಟರು. ಅದು ನಾಟಿತು, ತಿಂಗಳ ಮುಟ್ಟೂ ಸರಿಯಾಯಿತು. ಅಂದಿನಿಂದ ಗುಳಿಗೆಯನ್ನು ನಾನೇ ಬಿಡಿಸಿ ನುಂಗುತ್ತೇನೆ. ವೈನಿಯೊಂದಿಗೆ ಒಂದೇ ಮನೆಯಲ್ಲಿದ್ದೆ, ಉಂಡೆ, ಮಾತಾಡಿದೆ. ಏನು ಕೇಳಿಸಿದರೂ ಅವರಿಗೆ ಮಾತ್ರ ಹೇಳಲಿಲ್ಲ.

ಕೆಲ ವರ್ಷಗಳ ಮೇಲೆ ಅವರಿಗೆ ಮೂತ್ರಪಿಂಡದ ಬೇನೆ ಬಂತು. ಹಾಸಿಗೆಯ ಪಕ್ಕ ಕೂತವಳು ನಾನೇ. ಒಂದು ಮಧ್ಯಾಹ್ನ ಕೇಳಿದರು: "ನನ್ನ ಮ್ಯಾಲ ಇನ್ನೂ ಸಿಟ್ಟ ಐತೇನು?"

ಇಲ್ಲ ಎಂದುಬಿಡಬಹುದಿತ್ತು. "ಐತ್ರಿ" ಎಂದೆ.

"ಇರ್ಲಿ. ಗುಳಿಗಿ ಮಾತ್ರ ಬಿಡಬ್ಯಾಡ."

ಅದೇ ವಾರ ಹೋದರು. ಗುಳಿಗೆ ಬಿಟ್ಟಿಲ್ಲ. ನನ್ನನ್ನು ಮೊದಲ ಸಲ ಡಾಕ್ಟರ ಬಾಗಿಲಿಗೆ ಮುಟ್ಟಿಸಿದವರು ಅವರು. ಇವತ್ತು ನಾನು ಮನುಷ್ಯಳಾಗಿ ಉಳಿದದ್ದು ಅವರಿಂದಲೇ. ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ.