ಅಣ್ಣನ ಹಸಿವು

ಆ ವರ್ಷ ರಂಜಾನ್ ಮಳೆಗಾಲದಲ್ಲಿ ಬಂತು. ಅದಕ್ಕೆ ಸ್ವಲ್ಪ ಮೊದಲು ಮಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಕರುಳಿನ ಒಂದು ತುಂಡನ್ನು ಕತ್ತರಿಸಿ ತೆಗೆದಿದ್ದರು. ಗಾಯ ಒಣಗಿತ್ತು, ಹಸಿವು ಮಾತ್ರ ಮರಳಿರಲಿಲ್ಲ. ಉಪವಾಸ ಹಿಡಿಯಬಾರದು, ಆಗಾಗ ಸ್ವಲ್ಪ ಸ್ವಲ್ಪ ತಿನ್ನುತ್ತಿರಬೇಕು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಕಾರಡ್ಕದ ನಮ್ಮ ಮನೆಯಲ್ಲಿ ಉಳಿದವರು ನೀರೂ ಮುಟ್ಟದಿರುವಾಗ ನಾನೊಬ್ಬ ಹಗಲಿಡೀ ಗಂಜಿಯ ಬಟ್ಟಲಿನ ಮುಂದೆ ಕೂತಿರುತ್ತಿದ್ದೆ.

ಉಪವಾಸವಿದ್ದ ಹೆಂಡತಿಯೇ ಅದನ್ನು ತಂದಿಟ್ಟು, "ಎರಡು ಚಮಚ ಆದ್ರೂ ಕುಡೀರಿ" ಎಂದು ಕಾಯುತ್ತಿದ್ದಳು. ಮೂರನೆಯ ಚಮಚಕ್ಕೆ ಗಂಟಲು ಮುಚ್ಚುತ್ತಿತ್ತು. ತೂಕ ಇಳಿಯುತ್ತಲೇ ಇತ್ತು. ಹೀಗೇ ಆದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು.

ಇದರ ಮೇಲೆ ಅಣ್ಣ ಬೇರೆ. ಪಕ್ಕದ ಮನೆ ಅವನದು. ಸಂಜೆ ಅಂಗಡಿ ಮುಚ್ಚಿ ಬಂದವನೇ, ಮಸೀದಿಯ ಬಾಂಗ್ ಕೇಳಿ ಉಪವಾಸ ಬಿಡುವವರೆಗೆ ನಮ್ಮ ಜಗಲಿಯ ಬೆಂಚಿನ ಮೇಲೆ ಬಿದ್ದುಕೊಳ್ಳುತ್ತಿದ್ದ.

"ಹಸಿವಲ್ಲಿ ಕಣ್ಣು ಕತ್ತಲೆ ಬರ್ತದೆ ಮಾರಾಯ. ಬಾಂಗಿಗೆ ಇನ್ನೆಷ್ಟು ಹೊತ್ತುಂಟು?"

ದುಡ್ಡಿಡಲು ಜಾಗವಿಲ್ಲ ಎಂದು ಸಾಹುಕಾರ ಬಡವನ ಹತ್ತಿರ ಗೋಳಿಟ್ಟ ಹಾಗಿರುತ್ತಿತ್ತು. ಅಷ್ಟಕ್ಕೇ ಮುಗಿಯುತ್ತಿರಲಿಲ್ಲ, ಅವನ ಹೊಟ್ಟೆ ಗುರ್ರ್ ಎನ್ನುತ್ತಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ದಿನವೂ ನನ್ನ ಹೊಟ್ಟೆಯ ಮೇಲೆ ಸ್ಟೆತಸ್ಕೋಪ್ ಇಟ್ಟು ಹುಡುಕುತ್ತಿದ್ದದ್ದು ಅದೇ ಶಬ್ದವನ್ನು. ಇವನಿಗೆ ಅದು ಪುಕ್ಕಟೆ. ನನಗಿಂತ ದೊಡ್ಡವನು, ಬೀಡಿ ಸೇದುವವನು, ಊಟಕ್ಕೆ ಹೊತ್ತುಗೊತ್ತಿಲ್ಲದವನು. ಕತ್ತರಿ ಬಿದ್ದದ್ದು ಮಾತ್ರ ನನ್ನ ಹೊಟ್ಟೆಗೆ.

ಚಿಕ್ಕಂದಿನಲ್ಲೂ ನನಗೆ ಅವನ ಮೇಲೆ ಅಸೂಯೆಯಿತ್ತು. ಆಗ ಅದು ಅವನಿಗೆ ಬಡಿಸಿದ ದೊಡ್ಡ ಮೀನಿನ ತುಂಡಿಗಾಗಿ. ನಾನು ನೋಡಿದರೆ ಸಾಕು, "ಕಣ್ಣು ಹಾಕ್ಬೇಡ" ಎಂದು ಎಡಗೈಯಿಂದ ತಟ್ಟೆ ಮುಚ್ಚಿಕೊಳ್ಳುತ್ತಿದ್ದ. ಈಗ ಉಪವಾಸ ಬಿಡುವಾಗ ಅವನೇ ತಟ್ಟೆಯನ್ನು ನನ್ನ ಕಡೆ ಸರಿಸಿ, "ಒಂದು ತುಂಡು ತಿನ್ನು" ಎನ್ನುತ್ತಿದ್ದ. ನನಗೆ ಆ ತಿಂಡಿ ಬೇಕಿರಲಿಲ್ಲ. ಮೊದಲ ತುತ್ತಿಗೆ ಅವನ ಮುಖ ಅರಳುತ್ತಿತ್ತಲ್ಲ, ಅದು ಬೇಕಿತ್ತು. ಒಂದು ದಿನವಾದರೂ ಇವನ ಹಸಿವು ಸಾಯಲಿ ಎಂದು ಬಯಸಿದ್ದೂ ಉಂಟು. ಅದೂ ರಂಜಾನಿನಲ್ಲಿ!

ಒಂದು ಸಂಜೆ ಮಳೆ ಬಿಟ್ಟಿತ್ತು. ಅಣ್ಣ ಎಂದಿನಂತೆ ಬೆಂಚಿನ ಮೇಲೆ, ನಾನು ಕುರ್ಚಿಯಲ್ಲಿ. ಗುರ್ರ್ ಎಂದಿತು. ಅಣ್ಣ ಎದ್ದು ಕೂತ.

"ನಂದಲ್ಲ."

ಇಬ್ಬರೂ ಉಸಿರು ಬಿಗಿಹಿಡಿದೆವು. ಮತ್ತೊಮ್ಮೆ ಗುರ್ರ್ ಎಂದಿತು.

"ನಿಂದೇ ಮಾರಾಯ!"

ಅವನ ಕೂಗಿಗೆ ಹೆಂಡತಿ ಗಂಜಿ ಹಿಡಿದು ಓಡಿ ಬಂದಳು. ಜೀರಿಗೆಯ, ತೆಂಗಿನಕಾಯಿ ಹಾಲಿನ ಪರಿಮಳಕ್ಕೆ ಬಾಯಲ್ಲಿ ನೀರೂರಿತು. ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು ಬಟ್ಟಲಿಗೆ ಮುಚ್ಚಳ ಇಟ್ಟೆ.

"ಬಾಂಗ್ ಆಗಲಿ."

"ನಿಮಗೆಂತ ಉಪವಾಸವಾ? ಡಾಕ್ಟರು ಬಯ್ತಾರೆ."

"ಉಪವಾಸ ಅಲ್ಲ. ಹಸಿವಾಗ್ತಾ ಉಂಟು. ಸ್ವಲ್ಪ ಹೊತ್ತು ಆಗ್ಲಿ ಬಿಡು."

ಆ ಸ್ವಲ್ಪ ಹೊತ್ತು ನಾನೂ ಅಣ್ಣನಂತೆ ಮಸೀದಿಯ ಕಡೆ ಕಿವಿಗೊಟ್ಟು ಕೂತೆ. ಬಾಂಗ್ ಆಯಿತು. ಖರ್ಜೂರ ಬಾಯಿಗಿಟ್ಟೆ, ಬಟ್ಟಲು ಬರಿದು ಮಾಡಿದೆ. ಆಮೇಲೆ ನೋಡಿದರೆ ಅಣ್ಣನ ತಟ್ಟೆಯಲ್ಲಿ ಬಿಸಿಬಿಸಿ ಸಮೋಸಗಳು. ಅವನಿಗೆ ಸಮೋಸ, ನನಗೆ ಗಂಜಿ! ಮೈಯೆಲ್ಲ ಉರಿಯಿತು. ನೋಟ ಅಲ್ಲಿಂದ ಕೀಳಲಾಗಲಿಲ್ಲ.

ಅಣ್ಣ ನನ್ನನ್ನೇ ನೋಡುತ್ತಿದ್ದ. ಅಗಿಯುವುದನ್ನು ನಿಲ್ಲಿಸಿ, ಎಡಗೈಯನ್ನು ಮೆಲ್ಲಗೆ ತಟ್ಟೆಯ ಮೇಲೆ ತಂದ.

"ಕಣ್ಣು ಹಾಕ್ಬೇಡ."

ಆಪರೇಷನ್ ಆದ ಮೇಲೆ ಅವನು ನನ್ನೆದುರು ತಟ್ಟೆ ಮುಚ್ಚಿಕೊಂಡದ್ದು ಅದೇ ಮೊದಲು.