ಹಿತ್ತಲಿನ ಹೆಪ್ಪು

ಕೆಳಮನೆ ಮಾಮನ ಎಡಗೈ ತುಂಬ ಕರಡಿಯಂಥ ಕೂದಲಿತ್ತು. ಬಲಗೈಯಲ್ಲಿ ಮೊಣಕೈವರೆಗೆ ಒಂದೂ ಇರಲಿಲ್ಲ. ಮುಂಬಯಿ ಪಕ್ಕದ ಠಾಣೆ ರೈಲ್ವೆ ಸ್ಟೇಷನ್ನಿನ ಹತ್ತಿರದ ತಮ್ಮ ಪುಟ್ಟ ಹೋಟೆಲಿನಲ್ಲಿ ನಲವತ್ತು ವರ್ಷ ದೋಸೆಕಲ್ಲಿನ ಮೇಲೆ ಆಡಿದ ಕೈ ಅದು. ಝಳಕ್ಕೆ ಸುಟ್ಟುಹೋದ ಕೂದಲು ಮತ್ತೆ ಹುಟ್ಟುವ ಧೈರ್ಯ ಮಾಡಿರಲಿಲ್ಲ. ಅವರು ನಮಸ್ಕಾರ ಮಾಡಿದರೆ ಪರಿಚಯವಿಲ್ಲದ ಇಬ್ಬರು ಕೈ ಜೋಡಿಸಿದ ಹಾಗೆ ಕಾಣುತ್ತಿತ್ತು.

ಇದನ್ನು ನಾನು ಅವರ ಎದುರೇ ಆಡಿ ತೋರಿಸುತ್ತಿದ್ದೆ. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ನಾನು ನಕಲು ಮಾಡದ ಜೀವವಿಲ್ಲ: ಸೊಸೈಟಿ ಸೆಕ್ರೆಟರಿಯ ಕೆಮ್ಮು, ಮೀನಿನವಳ ಹತ್ತಿರ ಚೌಕಾಸಿ ಮಾಡುವ ಅಮ್ಮನ ರಾಗ, ಇಂಟರ್‌ವ್ಯೂನಲ್ಲಿ "ಯೆಸ್ ಸರ್" ಎನ್ನುವ ನನ್ನದೇ ಕೀರಲು ದನಿ. ಆ ದನಿಗೆ ಮೂರು ಕೆಲಸ ಸಿಕ್ಕಿದ್ದವು, ಮೂರನ್ನೂ ಬಿಟ್ಟಿದ್ದೆ. ಕೂತಲ್ಲಿ ಕೂರಲಾಗದ ರೋಗ. ಮಾಮನಿಗೂ ಅದೇ ಇದ್ದುದರಿಂದ ನಮಗೆ ಹೊಂದಿತು.

ಅವರು ಚಹಾವನ್ನೂ ನಿಂತೇ ಕುಡಿಯುತ್ತಿದ್ದರು. ಎದೆನೋವು ಬಂದು, ಒಲೆಯ ಮುಂದೆ ನಿಲ್ಲಬಾರದೆಂದು ಡಾಕ್ಟರು ಹೇಳಿದ ಮೇಲೆ ಹೋಟೆಲು ಸೋದರಳಿಯನ ಕೈಗೆ ಹೋಯಿತು. ಮಾಮ ಮನೆಗೆ ಬಂದರು, ಕಾಲುಗಳು ಬರಲಿಲ್ಲ. ಮಧ್ಯಾಹ್ನದ ಲೋಕಲ್ ರೈಲು ಹತ್ತಿ, ಸೀಟು ಖಾಲಿಯಿದ್ದರೂ ಬಾಗಿಲಲ್ಲಿ ನಿಂತು ಕಲ್ಯಾಣಕ್ಕೆ ಹೋಗಿ, ಅದೇ ಪ್ಲ್ಯಾಟ್‌ಫಾರ್ಮಿನಿಂದ ವಾಪಸು ಬರುತ್ತಿದ್ದರು.

"ಕೂತರೆ ಕಾಲು ನನ್ನನ್ನೇ ಬೈತದೆ ಮಾರಾಯ," ಎನ್ನುತ್ತಿದ್ದರು.

"ಇವರಿಗೆ ಎಂತಾದ್ರೂ ಒಂದು ಕೆಲಸ ಹುಡುಕಿ ಕೊಡು," ಎಂದು ಮಾಮಿ ನನ್ನನ್ನು ಅಡುಗೆಮನೆಯ ಕಿಟಕಿಯಿಂದ ಕರೆದು ಬೇಡಿಕೊಂಡರು. ಕೆಲಸ ಬಿಟ್ಟವನ ಹತ್ತಿರ ಕೆಲಸ ಹುಡುಕಿಸಿದ ಏಕೈಕ ಮಹಿಳೆ.

ಫೋನಿನಲ್ಲಿ ಒಂದು ವಿಡಿಯೊ ತೋರಿಸಿದೆ. ಕೆಳಗೆ ಡ್ರಮ್ಮಿನಲ್ಲಿ ಮೀನು, ಮೇಲೆ ತೊಟ್ಟಿಯಲ್ಲಿ ಜಲ್ಲಿ, ಜಲ್ಲಿಯಲ್ಲಿ ಸೊಪ್ಪು. ಮೀನಿನ ನೀರನ್ನು ಪಂಪು ಮೇಲೆತ್ತುತ್ತದೆ, ಗಿಡ ಅದನ್ನು ಉಂಡು ತಿಳಿಮಾಡಿ ಕೆಳಗೆ ಬಿಡುತ್ತದೆ. ಮಣ್ಣೇ ಇಲ್ಲ. ಮಾಮ ಮೂರು ಸಲ ನೋಡಿದರು, ನಿಂತೇ.

ಮರುದಿನ ಕಳಂಬೋಲಿಯ ಉಕ್ಕಿನ ಪೇಟೆ. ಲಾರಿಗಟ್ಟಲೆ ಕಬ್ಬಿಣ ತೂಗುವವರ ಮುಂದೆ ನಿಂತು ಮಾಮ ತೊಟ್ಟಿಯ ಸ್ಟ್ಯಾಂಡಿಗೆಂದು ಹನ್ನೆರಡು ಅಡಿ ಆಂಗಲ್ ಪಟ್ಟಿ ಕೇಳಿದರು. ಆ ವ್ಯಾಪಾರಿಗಳು ನಕ್ಕ ನಗೆಯನ್ನು ನಾನು ಇವತ್ತಿಗೂ ಚೆನ್ನಾಗಿ ನಕಲು ಮಾಡುತ್ತೇನೆ. ಡ್ರಮ್ಮುಗಳು ಅಂಬರನಾಥದ ಗುಜರಿಯಿಂದ ಬಂದು ಮಾಮನ ಮನೆಯ ಹಿತ್ತಲಲ್ಲಿ ಕೂತವು. ಕೊನೆಗೆ ಮೀನಿನ ಪ್ರಶ್ನೆ. ಮಾಮನದು ಉಡುಪಿ ಕಡೆಯ ಶುದ್ಧ ಸಸ್ಯಾಹಾರದ ಮನೆ. ಮಾಮಿ ಕಾನೂನು ಮಾಡಿದರು: "ತಿನ್ನುವ ಮೀನು ಬರ್ಲಿಕ್ಕಿಲ್ಲ. ನೋಡುವ ಮೀನು ಅಡ್ಡಿಯಿಲ್ಲ." ಕಲ್ಯಾಣದ ಅಕ್ವೇರಿಯಂ ಅಂಗಡಿಯಿಂದ ಕೆಂಪು ಬಿಳಿ ಬಣ್ಣದ ಹನ್ನೆರಡು ಕೋಯಿ ಮೀನು ಬಂದವು. ಮೀನು ತಿನ್ನುವ ನಮ್ಮ ಮನೆಯ ಪರವಾಗಿ ಅಮ್ಮ ಡ್ರಮ್ಮಿಗೆ ಇಣುಕಿ ತೀರ್ಪು ಕೊಟ್ಟಳು: "ಮಾಮ, ಇದು ಫ್ರೈಗೂ ಆಗುದಿಲ್ಲ, ಗಸಿಗೂ ಆಗುದಿಲ್ಲ. ದಂಡ!"

ಮೂರನೇ ವಾರ ಎಲ್ಲ ಮೀನೂ ಸತ್ತವು.

ನಾನು ಮೇಲಿನ ನಮ್ಮ ಮನೆಯಿಂದ ನೋಡಿ ಓಡಿ ಹೋಗಿ, "ಮಾಮಾ, ಸಬ್ ಮರ್ ಗಯಾ," ಎಂದೆ. ನಾನು ಹಿಂದಿಯಲ್ಲಿ ಮಾತಾಡಿದರೆ ಅವರಿಗೆ ಕೇಳಿಸುತ್ತಿರಲಿಲ್ಲ.

"ಕನ್ನಡದಲ್ಲಿ ಹೇಳು."

"ಎಲ್ಲ ಸತ್ತವು ಮಾಮ."

"ಸತ್ತದ್ದಲ್ಲ," ಎಂದರು ಅವರು. "ನಾನು ಕೊಂದದ್ದು."

ಹೋಟೆಲಿನವರ ಚಾಳಿ. ಶನಿವಾರ ರಾತ್ರಿ ಪಾತ್ರೆ ಪಗಡೆ ಎಲ್ಲ ಬಿಸಿನೀರು, ಸೋಡಾಪುಡಿ ಹಾಕಿ ಉಜ್ಜಿಡಬೇಕು. ಜಲ್ಲಿಗೆ ಅಂಟಿದ್ದ ಲೋಳೆ ಅವರ ಕಣ್ಣಿಗೆ ಬಿದ್ದಿತ್ತು. ಒಂದೊಂದೇ ಕಲ್ಲನ್ನು ಉಜ್ಜಿ, ಸಜ್ಜಿಗೆ ರವೆಯಷ್ಟು ಬೆಳ್ಳಗೆ ಮಾಡಿ ತೊಟ್ಟಿಗೆ ತುಂಬಿದ್ದರು. ಮೀನಿನ ಹೇಲನ್ನು ಗಿಡದ ಗೊಬ್ಬರ ಮಾಡುವ ಕಣ್ಣಿಗೆ ಕಾಣದ ಜೀವಗಳೆಲ್ಲ ಆ ಲೋಳೆಯಲ್ಲೇ ಇದ್ದವು. ಅವು ಹೋದ ಮೇಲೆ ನೀರು ಮೀನಿಗೆ ವಿಷವಾಯಿತು.

ವಾಸನೆ ಮೂರನೇ ಮಾಳಿಗೆಗೆ ಏರಿ ಸೆಕ್ರೆಟರಿಯನ್ನು ಇಳಿಸಿಕೊಂಡು ಬಂತು. "ಕಾಕಾ, ಇನ್ನೊಂದು ಸಲ ಮೀನು ಸತ್ತರೆ ಇದೆಲ್ಲ ಇಲ್ಲಿಂದ ಹೊರಗೆ," ಎಂದು ಮರಾಠಿಯಲ್ಲಿ ಹೇಳಿ, ಕೆಮ್ಮಿ ಹೋದರು. ನಾನು ತಕ್ಷಣ ಆ ಕೆಮ್ಮನ್ನು ಕೆಮ್ಮಿದೆ. ಮಾಮ ನಗಲಿಲ್ಲ. ಇದೂ ಹೋದರೆ ಅವರಿಗೆ ನಿಲ್ಲಲು ಲೋಕಲ್ ಬಾಗಿಲೊಂದೇ ಉಳಿಯುತ್ತಿತ್ತು.

ಲೋಳೆಯ ವಿಚಾರವನ್ನು ನಾನು ವಿಡಿಯೊ ನೋಡಿ ನೋಡಿ ವಿವರಿಸಿದೆ. ಮಾಮ ಕೇಳುತ್ತ ಕೇಳುತ್ತ ಹಣೆ ಬಡಿದುಕೊಂಡರು.

"ಅದು ಹೆಪ್ಪು! ಹೆಪ್ಪು ಅಂತ ಮೊದಲೇ ಹೇಳ್ಲಿಕ್ಕೆ ನಿನಗೆ ಎಂತ ದಾಡಿ? ಹೆಪ್ಪಿನ ಪಾತ್ರೆಯನ್ನು ಯಾರಾದ್ರೂ ತೊಳೀತಾರಾ?"

ಅಡುಗೆಮನೆಯಿಂದ ಸ್ಟೀಲ್ ಡಬ್ಬಿ ಹಿಡಿದು ಸೀದಾ ಕಲ್ಯಾಣಕ್ಕೆ ಹೊರಟರು, ಹಿಂದೆ ನಾನು. ಅಕ್ವೇರಿಯಂ ಅಂಗಡಿಯವನ ಹತ್ತಿರ ಅವನ ಹಳೇ ತೊಟ್ಟಿಯ ತಳದ ಕೊಳಕು ಕಲ್ಲು ಕೇಳಿದರು. ಅವನು ಚೊಕ್ಕ ಕಲ್ಲಿನ ಪ್ಯಾಕೆಟ್ ತೋರಿಸಿದ. "ನಹೀ, ಗಂದಾ ವಾಲಾ," ಎಂದು ಮಾಮ ಹಟ ಹಿಡಿದರು. ಅವರ ಬಾಯಲ್ಲಿ ನಾನು ಹಿಂದಿ ಕೇಳಿದ್ದು ಅದೊಂದೇ ಸಲ. ಆ ಡಬ್ಬಿಯನ್ನು ಎದೆಗವುಚಿ ತಂದು, ಜಲ್ಲಿಯ ನಡುವೆ ಹುದುಗಿಸಿ, ಹೊಸ ಮೀನು ಎರಡೇ ಬಿಟ್ಟು, ಮೇಲೆ ಗೋಣಿ ಹೊದೆಸಿದರು. ತಿಂಗಳಿಡೀ ಅದರ ಸುತ್ತ ನಡೆದರು. ನಾನು ದಿನಾ "ಆಯ್ತಾ ಮಾಮ?" ಎಂದರೆ, "ಪಾತ್ರೆ ಅಲ್ಲಾಡಿಸ್ಬೇಡ," ಎನ್ನುತ್ತಿದ್ದರು.

ಜಲ್ಲಿಯಲ್ಲಿ ನೆಟ್ಟ ಬಸಳೆ ಚಿಗುರಿತು. ಮೀನು ಮತ್ತೆ ಹನ್ನೆರಡಾಯಿತು. ತೊಟ್ಟಿಯಲ್ಲಿ ನೀರು ತುಂಬಿದಾಗ ಸೈಫನ್ ಪೈಪು ಒಮ್ಮೆಲೇ ಎಲ್ಲವನ್ನೂ ಎಳೆದು ಡ್ರಮ್ಮಿಗೆ ಸುರಿಯುತ್ತಿತ್ತು, ಗುಳುಗುಳು ಎಂದು. ಕಾಲು ಗಂಟೆಗೊಮ್ಮೆ. ಆ ಸದ್ದಿಗಾಗಿ ಮಾಮ ಪೈಪಿನ ಪಕ್ಕ ಕಾಯುತ್ತಿದ್ದರು, ಕಾದ ದೋಸೆಕಲ್ಲಿಗೆ ನೀರು ಚಿಮುಕಿಸಿ ಕಿವಿಗೊಡುವ ಹಾಗೆ. ಮಾಮಿ ಮಾತ್ರ ಆ ಬಸಳೆ ಮುಟ್ಟಲಿಲ್ಲ. "ಮೀನಿನ ನೀರು ಕುಡಿದದ್ದು" ಎಂದು ನಮ್ಮ ಮನೆಗೆ ಕಳಿಸುತ್ತಿದ್ದರು. ಅಮ್ಮ ಅದಕ್ಕೆ ಸಿಗಡಿ ಹಾಕುತ್ತಿದ್ದಳು.

ಮತ್ತೆ ಎದೆನೋವು ಬಂತು. ಆಸ್ಪತ್ರೆಗೆ ಹೋಗುವಾಗ ಸ್ಟ್ರೆಚರಿನಿಂದ ನನ್ನ ಅಂಗಿ ಹಿಡಿದು, "ದಿನಕ್ಕೆ ಎರಡು ಸಲ ನೋಡು. ಪೈಪಿನಲ್ಲಿ ಇಳಿದು ಬಂದ ಬೇರು ಪಂಪಿನ ಬಾಯಿಗೆ ಸಿಕ್ಕೊಳ್ತದೆ," ಎಂದರು. ಹೂಂ ಎಂದೆ. ಎರಡು ದಿನ ನೋಡಿದೆ. ಮೂರನೇ ದಿನ ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಒಂದು ಮಿಮಿಕ್ರಿ ಕಾರ್ಯಕ್ರಮದ ಸುಳಿವು ಸಿಕ್ಕಿತು. ಹಿತ್ತಲಿಗೆ ಇಣುಕದೆ ಓಡಿದೆ. ಮಧ್ಯಾಹ್ನ ವಾಪಸು ಹೊರಟು ಸ್ಟೇಷನ್ನಿನಲ್ಲಿ ನಿಂತಿದ್ದಾಗ ಅವರ ಫೋನು.

"ಸೈಫನ್ ಸದ್ದು ಕೇಳಿಸು ಮಾರಾಯ. ಇಲ್ಲಿ ಬರೀ ಮಲಗಿಸಿದ್ದಾರೆ."

ನನ್ನ ಗಂಟಲು ಇರುವುದೇ ಯಾಕೆ? ಗುಳುಗುಳು ಮಾಡಿದೆ. ಅದ್ಭುತವಾಗಿ ಮಾಡಿದೆ ಎಂದು ಈಗಲೂ ನನ್ನ ಅಭಿಪ್ರಾಯ.

ಮಾಮ ಕೊನೆಯವರೆಗೂ ಕೇಳಿದರು. "ಒಳ್ಳೇದುಂಟು. ಆದರೆ ನನ್ನ ಸೈಫನ್ ಕೊನೆಗೆ ಗಾಳಿ ನುಂಗ್ತದೆ. ನೀನು ಎಂಜಲು ನುಂಗಿದೆ. ಮತ್ತೆ, ನಮ್ಮ ಹಿತ್ತಲಿಗೆ ಯಾವಾಗಿಂದ ಲೋಕಲ್ ಬರ್ತಾ ಉಂಟು?" ಬೈಯಲಿಲ್ಲ. "ಮನೆಗೆ ಹೋಗು ಮಗ," ಎಂದರು.

ಆ ಸ್ಲೋ ಲೋಕಲ್ ಪ್ರತಿ ಸ್ಟೇಷನ್ನಿನಲ್ಲೂ ನನ್ನನ್ನು ಅಣಕಿಸಿತು. ಹಿತ್ತಲಿಗೆ ಬಂದರೆ ಪಂಪು ನಿಂತಿತ್ತು. ಬಾಯಿಗೆ ಬಸಳೆ ಬೇರು ಸುತ್ತಿ ಮೋಟಾರು ಸುಟ್ಟಿತ್ತು. ಹನ್ನೆರಡು ಕೆಂಪು ಬಾಯಿಗಳು ನೀರಿನ ಮೇಲೆ ಬಂದು ಗಾಳಿಗೆ ಬಡಿದಾಡುತ್ತಿದ್ದವು. ಮಗ್ಗಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯತೊಡಗಿದೆ. ನೀರು ಬಿದ್ದು ನೊರೆ ಎದ್ದರೆ ಮೀನಿಗೆ ಉಸಿರು. ಅಮ್ಮ ಬಂದಳು. ಆಮೇಲೆ ಮಾಮಿ. ಮೀನಿನ ನೀರು ಮುಟ್ಟದ ಮಾಮಿ ದೋಸೆಹಿಟ್ಟಿನ ಪಾತ್ರೆಯನ್ನೇ ಡ್ರಮ್ಮಿಗೆ ಅದ್ದಿ ಎತ್ತಿ ಸುರಿದರು. "ಅವರಿಗೆ ಎಂತ ಹೇಳುದು ನಾನು? ಎಂತ ಹೇಳುದು?" ಎನ್ನುತ್ತ ಸುರಿಯುತ್ತಲೇ ಇದ್ದರು.

ಗದ್ದಲಕ್ಕೆ ಸೆಕ್ರೆಟರಿ ಇಳಿದು ಬಂದರು. ಡ್ರಮ್ಮು ನೋಡಿದರು, ಮಾಮಿಯನ್ನು ನೋಡಿದರು. ಮುಗಿಯಿತು ಎಂದುಕೊಂಡೆ. ಅವರು ಮೇಲೆ ಹೋಗಿ, ತಮ್ಮ ಮನೆಯ ಕೂಲರಿನ ಪಂಪನ್ನು ಕಿತ್ತು ತಂದು, "ಪರತ್ ಪಾಹಿಜೆ ಹಾ," ವಾಪಸು ಬೇಕು ಎಂದು ಗುರುಗುಟ್ಟಿ ಕೈಗಿಟ್ಟರು.

ಸಂಜೆಯೊಳಗೆ ತೊಟ್ಟಿ ತುಂಬಿತು. ನಾನು ಮಾಮನಿಗೆ ಫೋನು ಮಾಡಿ, ಮಾತಾಡದೆ ಪೈಪಿನ ಬಾಯಿಗೆ ಹಿಡಿದೆ. ಗುಳುಗುಳು. ಕೊನೆಗೆ ಗಾಳಿ ನುಂಗಿದ ಸದ್ದು.

"ಹಾಂ. ಇದು ನನ್ನದು," ಎಂದರು. "ಎಷ್ಟು ಉಂಟು?"

"ಹನ್ನೆರಡೂ ಉಂಟು ಮಾಮ."

"ಫೋನು ಹಾಗೇ ಇಡು. ಇನ್ನೊಂದು ಸಲ ಕೇಳ್ತೇನೆ."

ಕಾಲು ಗಂಟೆ ಇಬ್ಬರೂ ಕಾದೆವು. ಜನ್ಮದಲ್ಲಿ ಮೊದಲ ಸಲ ನಾನು ಅಷ್ಟು ಹೊತ್ತು ಒಂದೇ ಕಡೆ ಕೂತದ್ದು. ಆಚೆ ಅವರು ಮಲಗಿದ್ದರು. ಅದಾಗಿ ನಾಲ್ಕನೇ ದಿನ ಅವರು ತೀರಿಹೋದರು.

ಕೂಲರ್ ಪಂಪು ವಾಪಸು ಕೊಡಲು ಹೋದರೆ ಸೆಕ್ರೆಟರಿ ತೆಗೆದುಕೊಳ್ಳಲಿಲ್ಲ. ಕಳೆದ ತಿಂಗಳು ಅವರೇ ಹಿತ್ತಲಿಗೆ ಬಂದರು. ಟೆರೇಸಿನ ಮೇಲೆ ತಾವೂ ಒಂದು ಡ್ರಮ್ಮು ಕತ್ತರಿಸಿ ಇಟ್ಟಿದ್ದಾರಂತೆ. ಕೈಯಲ್ಲಿ ಸ್ಟೀಲ್ ಡಬ್ಬಿಯಿತ್ತು. ಕೆಮ್ಮಿ, ಮರಾಠಿಯ ನಡುವೆ ಮಾಮನ ಶಬ್ದವಿಟ್ಟು, ಇದೆಯಾ ಎಂದು ಸಂಕೋಚದಿಂದ ಕೇಳಿದರು: "ಹೆಪ್ಪು ಆಹೇ ಕಾ?"

ಮಾಮಿ ಬಸಳೆ ಕೊಯ್ಯುತ್ತಿದ್ದರು, ತಮ್ಮ ಅಡುಗೆಗೇ. ಕತ್ತಿ ಕೆಳಗಿಟ್ಟು ಎದ್ದು, ಡಬ್ಬಿ ಇಸಿದುಕೊಂಡು, ತೊಟ್ಟಿಯ ಜಲ್ಲಿಯೊಳಗೆ ಕೈ ಹಾಕಿದರು.