ಉಪವಾಸದ ಖಿಚಡಿ

ಗಾರ್ಡ್ ಸಾಹೇಬರ ಬಲಗೈ ಎಡಗೈಗಿಂತ ಕಪ್ಪಗಿತ್ತು. ಮೂವತ್ತು ವರ್ಷ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಿಂದ ಬಾವುಟ ಹಿಡಿದು ಬಿಸಿಲಿಗೆ ಚಾಚಿದ ಕೈ ಅದು. ಹುಬ್ಬಳ್ಳಿ ಕಡೆಯವರು. ನಾಗಪುರದಲ್ಲಿ ನಮ್ಮ ಗೋಡೆಗೆ ಹತ್ತಿದ ಮನೆ. ಹೆಂಡತಿ ಸತ್ತ ಮೇಲೆ ನಮ್ಮಲ್ಲೇ ಉಣ್ಣುತ್ತಿದ್ದರು. ಉಪ್ಪು ಸರಿಯಿಲ್ಲ ಎಂದು ಒಂದು ದಿನವೂ ತಪ್ಪದೆ ಹೇಳುತ್ತಿದ್ದರು. ನಾನು ಬರೆಯುತ್ತಿರುವ ಈ ಸೊಟ್ಟ ಕನ್ನಡ ಅಕ್ಷರ ಕಲಿಸಿದವರೂ ಅವರೇ.

ಅವರ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತು. ಲಿಂಫೋಮಾ, ಕ್ಯಾನ್ಸರಿನ ಒಂದು ಜಾತಿ ಎಂದರು. ಪ್ರತಿ ಸಲ ರಕ್ತ ನೋಡಿಯೇ ಕೀಮೋ. ಎರಡು ತಿಂಗಳಾದ ಮೇಲೆ ಒಂದು ಸ್ಕ್ಯಾನು. ರೋಗ ಇದ್ದ ಕಡೆ ಚಿತ್ರದಲ್ಲಿ ಕೆಂಡದ ಹಾಗೆ ಹೊಳೆಯುತ್ತದಂತೆ. ಕೆಂಡ ಆರಿದ್ದರೆ ನಾಲ್ಕು ಔಷಧದಲ್ಲಿ ಶ್ವಾಸಕೋಶ ಕೆಡಿಸುವ ಒಂದನ್ನು ಬಿಡುತ್ತೇವೆ, ಆರದಿದ್ದರೆ ಇನ್ನೂ ಜೋರಿನದು ಕೊಡುತ್ತೇವೆ ಎಂದರು ಡಾಕ್ಟರಮ್ಮ.

"ಸಿಗ್ನಲ್ ನೋಡಿ ಗಾಡಿ ಬಿಡ್ತಾರ, ಅಕ್ಕಾ. ಬರೋಬರ್ ಐತಿ" ಎಂದರು ಸಾಹೇಬರು.

ಸ್ಕ್ಯಾನಿನವರ ಫೋನು ನಾನು ಎತ್ತಿದೆ. ಮರಾಠಿಯಲ್ಲಿ 'ಉಪಾಶಿ ಯಾ' ಎಂದರು. ಹಸಿದ ಹೊಟ್ಟೆಯಲ್ಲಿ ಬನ್ನಿ ಎಂದು ಅದರ ಅರ್ಥ. ನಾನು ಉಪವಾಸ ಎಂದು ತಿಳಿದೆ. ಇಲ್ಲಿ ಉಪವಾಸವೆಂದರೆ ಸಾಬೂದಾಣಿ ಖಿಚಡಿ, ಸಬ್ಬಕ್ಕಿಯದು. ಪ್ರತಿ ಏಕಾದಶಿಗೆ ಅದನ್ನೇ ಮಾಡುತ್ತ ಬಂದವಳು. ಬೆಳಿಗ್ಗೆ ಬಟ್ಟಲು ತುಂಬ ಕೊಟ್ಟೆ, ಮೇಲೆ ಸಿಹಿ ಚಹಾ.

ಹೊಟ್ಟೆಗೆ ಏನಾದರೂ ಬಿದ್ದಿದ್ದರೆ ಚಿತ್ರ ಸರಿ ಬರುವುದಿಲ್ಲವಂತೆ, ಸ್ಕ್ಯಾನ್ ಆಗಲಿಲ್ಲ. ಖಿಚಡಿ ಯಾರು ಕೊಟ್ಟರು ಎಂದು ನರ್ಸು ರೇಗಿದಳು. ನಾನೇ ಮಾಡಿಕೊಂಡೆ ಎಂದರು ಸಾಹೇಬರು, ಚಹಾ ಕಾಸಲೂ ಬಾರದ ಗಂಡಸು.

ಮುಂದಿನ ಪಾಳಿ ಹತ್ತು ದಿನಕ್ಕೆ ಸಿಕ್ಕಿತು. ಅಷ್ಟು ದಿನ ಕೀಮೋ ತಡಮಾಡುವಂತಿಲ್ಲವೆಂದು ನಾಲ್ಕೂ ಔಷಧ ಇನ್ನೊಮ್ಮೆ ಏರಿಸಿದರು.

"ನನ್ನಿಂದ ಆತು ಸಾಹೇಬ್ರ" ಎಂದೆ.

"ಏನಾತು? ಗಾಡಿ ಸ್ಟೇಷನ್ ಹೊರಗ ಔಟರ್ ಸಿಗ್ನಲ್‌ನಾಗ ನಿಂತೈತಿ, ಅಷ್ಟ. ಸುಮ್ನ ಕುಂದರ್ರಿ."

ಆಮೇಲಿನ ಸ್ಕ್ಯಾನಿನಲ್ಲಿ ಕೆಂಡ ಆರಿತ್ತು. ಶ್ವಾಸಕೋಶ ಕೆಡಿಸುವ ಆ ಔಷಧ ಬಿಟ್ಟರು. ಅಷ್ಟರಲ್ಲಿ ಒಣಕೆಮ್ಮು ಹತ್ತಿತ್ತು. ಮೂರು ವಾರಕ್ಕೆ ಮೂಗಿಗೆ ಆಕ್ಸಿಜನ್ ಬಂತು. ಆ ಔಷಧದ್ದೇ ಕೆಲಸ ಎಂದರು. ಕಡೆಯ ಸಲ ಏರಿಸಿದ್ದರಿಂದಲೇ ಹೀಗಾಯಿತೇ ಎಂದು ಡಾಕ್ಟರಮ್ಮನನ್ನು ನೇರ ಕೇಳಿದೆ. ಹೇಳಲು ಬರುವುದಿಲ್ಲ, ಮೊದಲೇ ಶುರುವಾಗಿರಬಹುದು ಎಂದರು. ಇರಬಹುದು ಅಂದರೆ ಇಲ್ಲದೆಯೂ ಇರಬಹುದು. ಅಷ್ಟು ನನಗೂ ತಿಳಿಯುತ್ತದೆ.

ಕೊನೆಯ ದಿನ ಆ ಕಪ್ಪು ಕೈಯಿಂದಲೇ ಮಾಸ್ಕು ಸರಿಸಿದರು.

"ಅಕ್ಕಾ, ಅವತ್ತಿನ ಖಿಚಡಿಗೆ ಉಪ್ಪು ಬರೋಬರ್ ಇತ್ತು."

ಸಂಜೆ ಹೋದರು. ಏಕಾದಶಿಗೆ ಈಗ ನಾನು ನೀರನ್ನೂ ಮುಟ್ಟುವುದಿಲ್ಲ.